ಅಮ್ಮ ಎಂದು ಬರೆದ ಬಿಲ್ಲೆ

ಬೆಳಕು ಹರಿಯುವ ಮುನ್ನ ಜಯಶೀಲಾ ಮುಗಿಸಬೇಕಾದದ್ದು ಇಷ್ಟು. ಹಿತ್ತಿಲ ಬಾಗಿಲಿನ ಅಗುಳಿಯನ್ನು ಸದ್ದಾಗದಂತೆ ಸರಿಸುವುದು. ಬಚ್ಚಲೊಲೆಗೆ ಉರಿ ಹಾಕಿ ಹಂಡೆಯ ನೀರು ಕಾಯಲು ಬಿಡುವುದು. ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿಯ ಎರಡು ಎಳೆ ಎಳೆಯುವುದು. ನಲ್ಲಿಯಲ್ಲಿ ನೀರು ಬರುವ ಸರದಿಯಾದರೆ ಕೊಡ, ಬಕೆಟ್ಟು, ಡ್ರಮ್ಮು, ಕೊನೆಗೆ ಚೊಂಬುಗಳನ್ನೂ ತುಂಬಿಸಿಕೊಳ್ಳುವುದು. ಮಾವನ ಪೂಜೆಯ ತಟ್ಟೆ, ಗಿಂಡಿ ಬೆಳಗಿ, ವಿಭೂತಿ ಗಟ್ಟಿಯನ್ನು ಮಣೆಯ ಬಲಕ್ಕೆ, ಪತ್ರೆಯನ್ನು ಎಡಕ್ಕೆ ಇಡುವುದು. ಗಂಡನ ಡಬ್ಬಿಗೆ ರೊಟ್ಟಿ ಪಲ್ಯ, ಮಾವನಿಗೆ ಮೆತ್ತಗೆ ಬೆಂದ ಅನ್ನ, ತನಗೆ ಉಳಿದದ್ದು. ಹಾಲು ಉಕ್ಕದಂತೆ ಒಂದು ಕಣ್ಣು, ಭದ್ರಾವತಿ ಬಸ್ಸು ತಪ್ಪದಂತೆ ಗಡಿಯಾರದ ಮೇಲೆ ಇನ್ನೊಂದು ಕಣ್ಣು. ಇವೆಲ್ಲದರ ನಡುವೆ, ಸತ್ತವರ ಹೆಸರಿಗೆ ಓಗೊಡುವುದು.

"ಉಚ್ಚಂಗೀ, ನೀರು ಕಾದವೇನೇ?"

ಒಳಕೋಣೆಯಿಂದ ಮಾವ ಷಡಕ್ಷರಪ್ಪ ಕೂಗುತ್ತಿದ್ದರು. ಉಚ್ಚಂಗಮ್ಮ ಅವರ ಹೆಂಡತಿ, ಜಯಶೀಲಾಳ ಅತ್ತೆ. ಶಿವಮೊಗ್ಗದ ಸವಳಂಗ ರಸ್ತೆಯ ಆ ಮನೆಯಿಂದ ಅವರ ಹೆಣ ಹೊರಟು ಮೂರು ವರ್ಷವಾಗಿತ್ತು. ಮೊದಲ ಸಲ ಮುದುಕರು ಹಾಗೆ ಕೂಗಿದಾಗ ಜಯಶೀಲಾ ಬಾಗಿಲಲ್ಲಿ ನಿಂತು, "ಮಾವ, ನಾನು ಜಯಾ" ಎಂದಿದ್ದಳು. ಅವರು ಅವಳ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿ, ಆಮೇಲೆ ಚಿಕ್ಕ ಹುಡುಗನ ಹಾಗೆ ಬಿಕ್ಕಿದ್ದರು. ಗಂಡ ಪ್ರಸನ್ನಕುಮಾರ್ ಅಂದು ಗಾಂಧಿ ಬಜಾರಿನ ತನ್ನ ಬಟ್ಟೆ ಅಂಗಡಿಗೆ ಹೊರಡುವ ಮೊದಲು ಅಡುಗೆಮನೆಗೆ ಬಂದು, "ಹೂಂ ಅಂದುಬಿಡೇ ಮಾರಾಯ್ತಿ. ವಯಸ್ಸಾದೋರು. ನಿನ್ನ ಗಂಟೇನು ಹೋಗುತ್ತೆ?" ಎಂದಿದ್ದ.

ಅಂದಿನಿಂದ ಅವಳು ಹೂಂ ಅಂದಳು. ಗಂಟೇನೂ ಹೋಗಲಿಲ್ಲ, ನಿಜ. ಆದರೆ ಕೆಲವು ತಿಂಗಳಾದ ಮೇಲೆ, ಹೊಸ್ತಿಲು ದಾಟುವಾಗ ಅತ್ತೆಯ ಹಾಗೆ ಸಣ್ಣಗೆ ಕೆಮ್ಮುವುದು ತನಗೇ ಕೇಳಿಸಿತು. ಅವಳಿಗೆ ಕೆಮ್ಮಿರಲಿಲ್ಲ. ಉಪ್ಪಿನ ಭರಣಿಯ ಮುಚ್ಚಳವನ್ನು ಅತ್ತೆಯಂತೆ ಬೋರಲು ಹಾಕುತ್ತಿದ್ದಳು. ಒಂದು ದಿನ ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುವಾಗ ಕೈ ತಾನಾಗಿ ಕೂದಲನ್ನು ತಿರುವಿ ತುರುಬು ಕಟ್ಟಿತು. ಅವಳು ಅದನ್ನು ಬಿಚ್ಚಿ, ಬಸ್ಸಿಗೆ ಓಡಿದಳು. ಯಾರಿಗೂ ಹೇಳಲಿಲ್ಲ. ಹೇಳಲು ಅದರಲ್ಲಿ ಏನಿತ್ತು?

ಜಯಶೀಲಾ ಭದ್ರಾವತಿಯಲ್ಲಿ ಕಾರ್ಖಾನೆ ಕ್ವಾರ್ಟರ್ಸ್‌ನ ಹಿಂದಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರು. ಎರಡು ಸಾವಿರದ ಐದನೇ ಇಸವಿ ಅದು. ಇಡೀ ದೇಶದ ಶಾಲೆಗಳಿಗೆ ಹೊಸ ಪಠ್ಯಕ್ರಮ ಬರುತ್ತಿದೆ, ದೆಹಲಿಯಲ್ಲಿ ಸಮಿತಿಗಳು ಕೂತಿವೆ, ಈ ಸಲ ಟೀಚರುಗಳನ್ನೂ ಕೇಳುತ್ತಾರಂತೆ ಎಂಬ ಸುದ್ದಿ ಸ್ಟಾಫ್ ರೂಮಿಗೂ ಬಂದಿತ್ತು. "ಕೇಳ್ತಾರೆ, ಕೇಳ್ತಾರೆ. ಜನಗಣತಿ ಮುಗೀತು, ಓಟಿನ ಪಟ್ಟಿ ಮುಗೀತು, ಇನ್ನು ಇದೊಂದು ಬಾಕಿ ಇತ್ತು ನಮಗೆ" ಎಂದು ಹೆಡ್ ಮಾಸ್ತರು ಜನಾರ್ದನ ನಶ್ಯ ಏರಿಸಿದ್ದರು.

ಶಿವಮೊಗ್ಗದಲ್ಲಿ ನಡೆದ ತರಬೇತಿಯಲ್ಲಿ ನಿಜಕ್ಕೂ ಕೇಳಿದರು. ಈಗಿನ ಪುಸ್ತಕದಲ್ಲಿ ಏನು ಕೊರತೆಯಿದೆ, ಹೇಳಿ ಎಂದರು. ಎಲ್ಲರೂ ಕಾಗದ ಚೆನ್ನಾಗಿಲ್ಲ, ಅಕ್ಷರ ಸಣ್ಣ ಎಂದು ಹೇಳುತ್ತಿರುವಾಗ ಹಿಂದಿನ ಬೆಂಚಿನಿಂದ ಜಯಶೀಲಾ ಎದ್ದು ನಿಂತಳು. "ಪುಸ್ತಕದ ಅಮ್ಮ ಯಾವಾಗ ನೋಡಿದ್ರೂ ಒಗ್ಗರಣೆ ಹಾಕ್ತಾ ನಗ್ತಾ ಇರ್ತಾಳೆ. ಅವಳಿಗೆ ಸೊಂಟ ನೋಯಲ್ವಾ?"

ಇಡೀ ಸಭೆಯೇ ನಕ್ಕಿತು. ನಗದವರು ಒಬ್ಬರೇ, ತರಬೇತಿಯ ಸಂಚಾಲಕಿ ಬಸವರಾಜೇಶ್ವರಿ. ಊಟದ ಹೊತ್ತಿಗೆ ಅವರು ಜಯಶೀಲಾಳ ಪಕ್ಕ ಬಂದು ಕೂತು, "ಅದನ್ನೇ ಪಾಠ ಮಾಡಿ ಕೊಡ್ರೀ" ಎಂದರು.

ಅವಳು ಮಾಡಿ ಕೊಟ್ಟಳು. ಬಸ್ಸಿನಲ್ಲಿ ಬರೆದಳು, ಅನ್ನ ಬೇಯುವಾಗ ಬರೆದಳು. ಪಾಠದ ಹೆಸರು 'ನಮ್ಮ ಮನೆಯ ಒಂದು ದಿನ'. ಓದುವ ಪಾಠವಲ್ಲ, ಆಡುವ ಪಾಠ. ರಟ್ಟಿನ ದುಂಡು ಬಿಲ್ಲೆಗಳಿಗೆ ದಾರ ಕಟ್ಟಿ, ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಮಗು ಎಂದು ಬರೆದಿರಬೇಕು. ಒಬ್ಬೊಬ್ಬರೂ ಒಂದೊಂದು ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು, ಎದ್ದಾಗಿನಿಂದ ಮಲಗುವ ತನಕ ಆ ಜೀವ ಏನೇನು ಮಾಡುತ್ತದೆಂದು ಮಾತಿಲ್ಲದೆ ಮಾಡಿ ತೋರಿಸಬೇಕು. ಉಳಿದವರು ನೋಡಿ, ಕೊನೆಗೆ ಯಾರು ಕೂತರು, ಯಾರು ಕೂರಲಿಲ್ಲ ಎಂದು ಹೇಳಬೇಕು. ಅಷ್ಟೇ. ಪಾಠ ದೆಹಲಿಗೆ ಹೋಯಿತು. ಅಲ್ಲಿ ಯಾರಿಗೋ ಹಿಡಿಸಿತು. ಒಂದೆರಡು ಶಾಲೆಗಳಲ್ಲಿ ಮಾಡಿ ನೋಡಿ, ಆಮೇಲೆ ನಾವೇ ಬಂದು ನೋಡುತ್ತೇವೆ ಎಂದು ಉತ್ತರ ಬಂತು. ನೋಡಿ ಒಪ್ಪಿದರೆ ಪಾಠ ದೇಶದ ಪುಸ್ತಕಕ್ಕೆ ಸೇರುತ್ತದೆ, ಮೈಸೂರಿನಲ್ಲಿ ಎರಡು ವಾರ ನಡೆಯುವ ಬರವಣಿಗೆ ಕಮ್ಮಟಕ್ಕೆ ಜಯಶೀಲಾ ಹೋಗಬೇಕಾಗುತ್ತದೆ.

ದೇಶದ ಪುಸ್ತಕ ಅವಳಿಗೆ ದೂರದ ಮಾತು. ಕಣ್ಣಿಗೆ ಕಟ್ಟಿದ್ದು ಮೈಸೂರಿನ ಹಾಸ್ಟೆಲ್ಲು. ಬೆಳಿಗ್ಗೆ ಏಳುತ್ತಾಳೆ, ಯಾರೋ ಕಾಫಿ ಮಾಡಿಟ್ಟಿರುತ್ತಾರೆ. ಮಧ್ಯಾಹ್ನ ಕೂತಲ್ಲಿಗೆ ತಟ್ಟೆ ಬರುತ್ತದೆ. ಯಾರಾದರೂ ಕರೆದರೆ ಅವಳ ಹೆಸರಿನಿಂದಲೇ ಕರೆಯುತ್ತಾರೆ.

ಮೊದಲ ಸಲ ಪಾಠ ಮಾಡಿದ್ದು ದಸರಾ ರಜೆ ಮುಗಿದ ಮೇಲೆ. ಅಪ್ಪನ ಬಿಲ್ಲೆ ಹಾಕಿಕೊಂಡವನು ಮಧು. ಗೋಡೆಗೆ ಒರಗಿ ಕೂತು ಇಲ್ಲದ ಪೇಪರ್ ಬಿಡಿಸಿದ, ಇಲ್ಲದ ಬೀಡಿ ಸೇದಿದ. ಮಾತಾಡಬಾರದೆಂದಿದ್ದರೂ ತಡೆಯಲಾರದೆ, "ಏಯ್, ನನ್ನ ಟವೆಲ್ ಎಲ್ಲೇ?" ಎಂದು ಕೂಗಿದ. ತರಗತಿ ಬಿದ್ದು ಬಿದ್ದು ನಕ್ಕಿತು. "ಟವೆಲ್ ಅವರಪ್ಪನ ಹೆಗಲ ಮೇಲೇ ಇರ್ತದೆ ಮಿಸ್!" ಎಂದು ಪಕ್ಕದ ಮನೆಯ ಹುಡುಗಿ ಗುಟ್ಟು ಒಡೆದಳು. ಮಗುವಿನ ಬಿಲ್ಲೆಯ ಹುಡುಗ ಚೆಂಡಾಡಿ, ಉಂಡು, ಗೊರಕೆ ಹೊಡೆದು ಚಪ್ಪಾಳೆ ಗಿಟ್ಟಿಸಿದ.

"ಅಮ್ಮ ಯಾರಾಗ್ತೀರಿ?"

ಮುಂದಿನ ಸಾಲಿನಿಂದ ಸುಪ್ರಿಯಾ ಎದ್ದಳು. ಸಣ್ಣ ಹುಡುಗಿ, ಮಾತು ಕಡಿಮೆ, ತಲೆ ಎಣ್ಣೆ ಕಂಡು ಬಹಳ ದಿನವಾದಂತಿತ್ತು. ಅವಳ ತಾಯಿ ಮಾಸ್ತಮ್ಮ ಹಿಂದಿನ ವರ್ಷ ಕಾಮಾಲೆಯಾಗಿ ತೀರಿಕೊಂಡಿದ್ದು ಜಯಶೀಲಾಳಿಗೆ ನೆನಪಿತ್ತು. ಬೇಡ ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಹುಡುಗಿ ಕುತ್ತಿಗೆ ಬಗ್ಗಿಸಿ ನಿಂತಿದ್ದಳು. ಜಯಶೀಲಾ ದಾರವನ್ನು ಅವಳ ತಲೆಯ ಮೇಲಿಂದ ಇಳಿಸಿದಳು.

ಸುಪ್ರಿಯಾ ಎಡ ಭುಜವನ್ನು ಕೊಂಚ ಕೆಳಗಿಳಿಸಿದಳು. ಅಷ್ಟಕ್ಕೇ ಅವಳು ದೊಡ್ಡವಳಾದಳು. ಸೊಂಟಕ್ಕೆ ಏನನ್ನೋ ಸಿಕ್ಕಿಸಿಕೊಂಡು, ಕುಕ್ಕರುಗಾಲಲ್ಲಿ ಕೂತು, ಎಡಗೈಯಿಂದ ಒಲೆಯ ಮುಂದಿನ ಬೂದಿ ಸವರಿ ಬಲಗೈಯಿಂದ ಸೌದೆ ತುರುಕಿದಳು. ಊದಿದಳು. ಹೊಗೆಗೆ ಮುಖ ತಿರುಗಿಸಿ ಮೊಣಕೈಯಲ್ಲಿ ಕಣ್ಣೊರೆಸಿಕೊಂಡಳು. ಮತ್ತೆ ಊದಿ, ತಗ್ಗಿದ ಒಡಕು ದನಿಯಲ್ಲಿ, "ಹತ್ಕೋ ನನ್ ತಾಯಿ, ಹತ್ಕಳೆ, ಸೈರನ್ ಆಗ್ತದೆ ಈಗ" ಎಂದಳು. ಮಕ್ಕಳು ನಗಲಿಲ್ಲ. ಆ ದನಿ ಸುಪ್ರಿಯಾಳದಾಗಿರಲಿಲ್ಲ. ಬಿಸಿ ಪಾತ್ರೆಯನ್ನು ಇಲ್ಲದ ಸೆರಗಿನಿಂದ ಹಿಡಿದು ಇಳಿಸಿದಳು, ಅಂಗೈಗೆ ಸಾರಿನ ಹನಿ ಬಿಟ್ಟುಕೊಂಡು ನೆಕ್ಕಿದಳು, ಮಗುವಿನ ಬಿಲ್ಲೆಯ ಹುಡುಗನನ್ನು ಹಿಡಿದೆಳೆದು ಮೂಗು ಒರೆಸಿದಳು. ಎಲ್ಲರಿಗೂ ಬಡಿಸಿದಳು. ಕೊನೆಗೆ ಪಾತ್ರೆಯ ತಳ ಬಳಿದು, ಅದನ್ನು ನೋಡಿ, ಮುಚ್ಚಿಟ್ಟು ನೀರು ಕುಡಿದಳು.

ಬಾಗಿಲಲ್ಲಿ ದಡ್ ಎಂದು ಸದ್ದಾಯಿತು. ಬಿಸಿಯೂಟದ ಹಾಲಮ್ಮ ಸೌಟು ಕೆಳಗೆ ಬಿಟ್ಟು ಚೌಕಟ್ಟು ಹಿಡಿದು ನಿಂತಿದ್ದಳು. ಮಾಸ್ತಮ್ಮನ ಪಕ್ಕದ ಮನೆಯವಳು ಅವಳು. ಹೆಣಕ್ಕೆ ನೀರು ಹಾಕಿದವಳೂ ಅವಳೇ.

"ತೆಗೀರಿ ಮಿಸ್, ತೆಗೀರಿ ಅದನ್ನ ಕುತ್ತಿಗೆಯಿಂದ" ಎಂದಳು ಹಾಲಮ್ಮ. "ಮಾಸ್ತಿನೇ ಬಂದಂಗೈತೆ. ಒಲೆ ಹತ್ತದಿದ್ರೆ ಹಂಗೇ ಬೇಡ್ಕಂತಿದ್ಲು."

ಸುಪ್ರಿಯಾ ಬಿಲ್ಲೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. ಬಿಡಿಸಿಕೊಳ್ಳಲು ಜಯಶೀಲಾ ಅವಳ ಬೆರಳುಗಳನ್ನು ಒಂದೊಂದಾಗಿ ಎತ್ತಬೇಕಾಯಿತು.

ಹಾಲಮ್ಮನ ಬಾಯಿಂದ ಸುದ್ದಿ ಬೀದಿಗೆ ಹೋಯಿತು. ಸಂಜೆ ನಲ್ಲಿಯ ಹತ್ತಿರ ಹೆಂಗಸರು ಸುಪ್ರಿಯಾಳನ್ನು ನಿಲ್ಲಿಸಿಕೊಂಡು, "ನಿಮ್ಮವ್ವ ನೀರಿಗೆ ಬಂದಾಗ ಹೆಂಗೆ ನಿಲ್ತಿದ್ಲು, ತೋರಿಸೇ" ಎನ್ನತೊಡಗಿದರು. ಅವಳು ತೋರಿಸುತ್ತಿದ್ದಳು. ಅವರು ಸೆರಗು ಬಾಯಿಗಿಟ್ಟು ಅಳುತ್ತಿದ್ದರು, ಅತ್ತು ಹಗುರಾಗಿ ಅವಳ ಕೈಗೆ ಚಕ್ಕುಲಿ ಕೊಡುತ್ತಿದ್ದರು. ಮೂರನೇ ಮನೆಯ ಮುದುಕಿಯೊಬ್ಬಳು, ಮಾಸ್ತಮ್ಮ ಬದುಕಿದ್ದಾಗ ಒಂದು ದಿನವೂ ನೆಟ್ಟಗೆ ಮಾತಾಡಿಸದವಳು, ಅವಳ ಕಾಲ ಬಳಿ ಕೂತು ತಪ್ಪಾಯ್ತು ಎಂದು ಹೇಳಿಕೊಂಡಳಂತೆ. ಯಾರೂ ಒಂದು ಕೊಡ ನೀರು ಹೊತ್ತು ಕೊಡಲಿಲ್ಲ.

ಎರಡು ವಾರದಲ್ಲಿ ಹುಡುಗಿ ಹಾಜರಿಯಲ್ಲಿ ತನ್ನ ಹೆಸರಿಗೆ ಉತ್ತರ ಕೊಡುವುದನ್ನು ಬಿಟ್ಟಳು. ಕೂತೇ ಇರುತ್ತಿದ್ದಳು. ಕರೆದದ್ದು ಬೇರೆ ಯಾರನ್ನೋ ಎಂಬಂತೆ ಹಿಂದೆ ತಿರುಗಿ ನೋಡುತ್ತಿದ್ದಳು. ಎಡ ಭುಜ ಇಳಿದದ್ದು ಮೇಲೇಳಲಿಲ್ಲ. ಆಮೇಲೆ ಶಾಲೆಗೆ ಬರುವುದೇ ನಿಂತಿತು.

ಅವಳು ಬಾರದ ಒಂದು ದಿನ, ಸಂಜೆ ಬಸ್ಸಿನಲ್ಲಿ ಹಿಂತಿರುಗುವಾಗ ಜಯಶೀಲಾ ಚೀಲದಿಂದ ಬಿಲ್ಲೆಗಳನ್ನು ತೆಗೆದು ನೋಡಿದಳು. ಮಗುವಿನ ಬಿಲ್ಲೆಯ ಹಿಂದೆ ಅವಳದೇ ದುಂಡು ಅಕ್ಷರ: ಆಡುತ್ತದೆ, ಓದುತ್ತದೆ, ಉಣ್ಣುತ್ತದೆ, ಮಲಗುತ್ತದೆ. ಇದನ್ನು ಬರೆದದ್ದು ಯಾವುದೋ ದೆಹಲಿಯವರಲ್ಲ. ಏಳನೇ ವಯಸ್ಸಿಗೇ ತಮ್ಮನನ್ನು ಸೊಂಟದ ಮೇಲೆ ಹೊತ್ತು ಮುಸುರೆ ತಿಕ್ಕಿದ ಜಯಶೀಲಾಳೇ, ಬರೆಯಲು ಕೂತಾಗ ಮಗುವೆಂದರೆ ಇಷ್ಟೇ ಎಂದು ಬರೆದುಬಿಟ್ಟಿದ್ದಳು. ಪುಸ್ತಕದ ಅಮ್ಮನನ್ನು ಹಿಡಿದು ಜಗ್ಗಿದವಳ ಕಣ್ಣಿಗೆ ಪುಸ್ತಕದ ಮಗು ಬಿದ್ದಿರಲಿಲ್ಲ. ಮನೆಯ ಕೆಲಸವನ್ನೆಲ್ಲ ಮಾಡುವ ಹುಡುಗಿಗೆ ಅವಳ ಪಾಠದಲ್ಲಿ ಬೇರೆ ಬಿಲ್ಲೆಯೇ ಇರಲಿಲ್ಲ. ಇದ್ದದ್ದು ಸತ್ತವಳದ್ದು ಮಾತ್ರ.

ಮರುದಿನ ಶಾಲೆ ಬಿಟ್ಟ ಮೇಲೆ ಅವಳು ಸುಪ್ರಿಯಾಳ ಮನೆಗೆ ಹೋದಳು. ತಂದೆ ಈಶ್ವರಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. ಜಗಲಿಯಲ್ಲಿ ಕೂತಿದ್ದ. ಎದ್ದು ಚಾಪೆ ಕೊಡವಿ ಹಾಸಿದ.

"ಶಾಲೆಗೆ ಕಳಿಸ್ತಾ ಇಲ್ವಲ್ಲ ಈಶ್ವರಪ್ಪ?"

"ನಾನೇನು ಬೇಡ ಅಂದಿಲ್ಲ ಮಿಸ್. ಅವಳೇ ಒಲ್ಲೆ ಅಂತಾಳೆ." ಅವನು ದನಿ ತಗ್ಗಿಸಿದ. "ನಿಮಗೆ ಹೇಳೋಕೆ ಏನು, ಒಂದು ವರ್ಷ ಈ ಮನೆ ಮನೆಯಾಗಿರ್ಲಿಲ್ಲ. ಇವಳು ಅಳೋಳು, ಸಣ್ಣೋನು ಅಳೋನು, ಅನ್ನ ಸೀಯೋದು. ಈಗ ನೋಡಿ. ಸಾರು ಕೂಡ ಮಾಸ್ತಿ ಮಾಡಿದಂಗೇ ಆಗ್ತೈತೆ. ಸಣ್ಣೋನು ಇವಳ ಮಗ್ಗಲಲ್ಲೇ ಮಲಗ್ತಾನೆ. ಅವ್ವಾ ಅಂತಾನೆ. ಬೇಡ ಅಂದ್ರೆ ಕೇಳ್ತಾನಾ?"

ಅವನು ಕೆಟ್ಟವನಲ್ಲ. ಅದೇ ಕಷ್ಟವಾಗಿತ್ತು. ಮಗಳನ್ನು ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಬಿಸಿ ಅನ್ನ ಸಿಗುತ್ತಿದೆ ಎಂಬ ನೆಮ್ಮದಿಯೊಂದು ಅವನ ಮುಖದಲ್ಲಿ ನಾಚಿಕೆಯಿಲ್ಲದೆ ಕೂತಿತ್ತು. ಆ ನೆಮ್ಮದಿಯನ್ನು ಜಯಶೀಲಾ ಎಲ್ಲೋ ನೋಡಿದ್ದಳು. ಅಂಗಡಿಗೆ ಹೊರಟ ತನ್ನ ಗಂಡನ ಮುಖದಲ್ಲಿ ದಿನವೂ ನೋಡುತ್ತಿದ್ದಳು.

ಒಳಗೆ ಸುಪ್ರಿಯಾ ಒಲೆಯ ಮುಂದಿದ್ದಳು. ಜಯಶೀಲಾ ಹೊಸದೊಂದು ಬಿಲ್ಲೆ ಮಾಡಿ ತಂದಿದ್ದಳು. ಅದರ ಮೇಲೆ 'ಸುಪ್ರಿಯಾ' ಎಂದು ಬರೆದು, ಸುತ್ತ ಹೂವು ಬಿಡಿಸಿದ್ದಳು.

"ಇದು ನಿಂದು. ಇದನ್ನ ಹಾಕ್ಕೊಂಡು ನೀನು ಮಾಡೋ ಕೆಲಸ ತೋರಿಸ್ಬಹುದು."

ಹುಡುಗಿ ಅದನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟಳು. "ಇದು ಬ್ಯಾಡ ಮಿಸ್. ಅವ್ವಂದು ಕೊಡಿ."

"ಶಾಲೆಗೆ ಬಾ, ಮಾತಾಡೋಣ."

"ಅವ್ವಂದಿರು ಶಾಲೆಗೆ ಬರ್ತಾರಾ ಮಿಸ್?" ಎಂದು ಅವಳು ನಕ್ಕಳು. ದೊಡ್ಡ ಹೆಂಗಸು ಚಿಕ್ಕವರ ಮಾತಿಗೆ ನಗುವಂತಹ ನಗು. ಆಮೇಲೆ ಯೋಚಿಸಿ ಹೇಳಿದಳು: "ದೊಡ್ಡೋರು ಬರೋ ದಿನ ಬರ್ತೀನಿ. ಹಾಲಮ್ಮ ಅವ್ವನ ಸೀರೆ ಉಡಿಸ್ತೀನಿ ಅಂದಿದ್ದಾಳೆ. ಅಷ್ಟು ಮಾಡಿಬಿಟ್ರೆ ಸಾಕು. ಅವ್ವ ಇಲ್ಲೇ ಇದ್ದುಬಿಡ್ತಾಳೆ."

ಹಿಂದೆ ಕೂತಿದ್ದ ಸಣ್ಣ ತಮ್ಮ ಅವಳ ಲಂಗದ ತುದಿ ಹಿಡಿದು ಎಳೆದ. ಅವಳು ಅವನತ್ತ ತಿರುಗದೆಯೇ ಕೈ ಹಿಂದೆ ಚಾಚಿ ಅವನ ತಲೆ ಸವರಿದಳು. ಆ ಕೈ ಎಷ್ಟು ಹಳೆಯದಾಗಿತ್ತು!

ಅವಳು ಬಸವರಾಜೇಶ್ವರಿಯವರಿಗೆ ಎಲ್ಲವನ್ನೂ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು. ಕೆಟ್ಟವರು ಅವರೂ ಅಲ್ಲ.

"ನೋಡು ಜಯಾ. ನೀನು ಮಾಡಿದ ಪಾಠ ಆ ಮಗುವಿನ ಒಳಗಿದ್ದದ್ದನ್ನ ಹೊರಗೆ ತಂತು. ಪಾಠ ಅಂದ್ರೆ ಮತ್ತಿನ್ನೇನು? ದೆಹಲಿಯವರು ಬಂದು ಅವಳನ್ನ ನೋಡಿದ್ರೆ ಈ ಪಾಠಾನ ಯಾರೂ ತೆಗೆಯೋಕಾಗಲ್ಲ. ಲಕ್ಷಾಂತರ ಮಕ್ಕಳು ತಮ್ಮ ತಾಯಂದಿರ ಕೆಲಸಾನ ಕೆಲಸ ಅಂತ ನೋಡ್ತಾರೆ. ಒಂದು ದಿನದ ಆಟ ಅದು, ಮಾರಾಯ್ತಿ."

"ಬೇರೆ ಹುಡುಗಿ ಮಾಡಿದ್ರೆ?"

"ಮಾಡ್ಸಿ ನೋಡಿದ್ಯಲ್ಲ. ಎಲ್ಲವೂ ಲಟ್ಟಣಿಗೆ ಹಿಡ್ಕೊಂಡು ಕಿಸಿಕಿಸಿ ನಗ್ತಾವೆ. ಅದನ್ನ ನೋಡಿ ಅವರು ಏನು ಬರ್ಕೊಳ್ತಾರೆ? ಈಗಾಗ್ಲೇ ಸಮಿತೀಲಿ ಅರ್ಧ ಜನ ಗಂಡಸರು, ಅಡುಗೆಮನೆ ಪಾಠ ಯಾಕ್ರೀ ಅಂತಿದ್ದಾರೆ."

ಅದೂ ನಿಜವೇ. ಜಯಶೀಲಾ ಬಸ್ಸಿನ ಕಿಟಕಿಗೆ ತಲೆಯೊರಗಿಸಿ ಎರಡನ್ನೂ ತೂಗಿದಳು. ಒಂದು ಕಡೆ ಕಾಣದ ಲಕ್ಷಾಂತರ ಮಕ್ಕಳು. ಇನ್ನೊಂದು ಕಡೆ ಒಂದು ಹುಡುಗಿ. ಆ ಲಕ್ಷಾಂತರದೊಳಗೆ ಇಂಥವರು ಎಷ್ಟು ಮಂದಿ ಇರಬಹುದು, ಕೊರಳು ಬಗ್ಗಿಸಿ ಕಾಯುತ್ತ? ಪ್ರತಿ ಊರಿನ ಶಾಲೆಯಲ್ಲೂ ಒಬ್ಬ ಟೀಚರು ದಾರ ಹಿಡಿದು ನಿಂತಿರುವುದು ಅವಳ ಕಣ್ಣಿಗೆ ಬಂತು. ಆ ಟೀಚರುಗಳಿಗೆಲ್ಲ ತನ್ನದೇ ಮುಖವಿತ್ತು.

ಆ ವಾರ ನಸುಕಿನಲ್ಲಿ ಮಾವ ಕೂಗಿದಾಗ ಅವಳು ಹೂಂ ಅನ್ನಲು ಬಾಯಿ ತೆರೆಯುವ ಮೊದಲೇ ಹೂಂ ಎಂಬ ದನಿ ಅಡುಗೆಮನೆಯಲ್ಲಿ ಕೇಳಿಸಿತು. ಅವಳು ಕೈಯಲ್ಲಿದ್ದ ಚೊಂಬನ್ನು ಹಿಡಿದು ನಿಂತಳು. ಅಲ್ಲಿ ಅವಳನ್ನು ಬಿಟ್ಟು ಯಾರೂ ಇರಲಿಲ್ಲ. ಹಾಗಾದರೆ ಅಂದದ್ದು ತಾನೇ ಇರಬೇಕು. ಹಾಗೆಂದು ನಂಬಿಕೊಂಡು ಅವಳು ನೀರು ತೋಡಿದಳು.

ಬರುವವರು ಬಂದರು. ಬಿಳಿ ಜೀಪಿನಿಂದ ಇಳಿದವರು ಇಬ್ಬರು ಗಂಡಸರು, ಖಾದಿ ಸೀರೆಯ ದೆಹಲಿಯ ಹೆಂಗಸೊಬ್ಬರು, ಜೊತೆಗೆ ಬಸವರಾಜೇಶ್ವರಿ. ಜನಾರ್ದನ ಮಾಸ್ತರು ಎಳನೀರು ತರಿಸಿದ್ದರು. ತರಗತಿಯ ಹಿಂದೆ ಕುರ್ಚಿಗಳು ಬಿದ್ದವು. ಕಿಟಕಿಯ ಹೊರಗೆ ಬೀದಿಯ ಹೆಂಗಸರು ಸೆರಗು ಹಿಡಿದು ಸಿದ್ಧವಾಗಿ ನಿಂತಿದ್ದರು.

ಸುಪ್ರಿಯಾ ಹೇಳಿದಂತೆ ಬಂದಿದ್ದಳು. ಹಸಿರು ಹತ್ತಿ ಸೀರೆಯನ್ನು ಅರ್ಧಕ್ಕೆ ಮಡಿಸಿ ಪಿನ್ನು ಚುಚ್ಚಿ ಉಡಿಸಿದ್ದರು. ತಲೆಗೆ ಎಣ್ಣೆ ಹಾಕಿ ಬಾಚಿ ತುರುಬು ಕಟ್ಟಿದ್ದರು. ಮಕ್ಕಳು ಅವಳಿಂದ ಸರಿದು ಕೂತಿದ್ದರು. ಮಧು ಕೂಡ ಹಲ್ಲು ಕಿಸಿಯಲಿಲ್ಲ.

"ಬಿಲ್ಲೆ ತನ್ನಿ ಜಯಾ, ಶುರು ಮಾಡೋಣ" ಎಂದರು ಬಸವರಾಜೇಶ್ವರಿ. ದೆಹಲಿಯ ಹೆಂಗಸು ಆಗಲೇ ಸುಪ್ರಿಯಾಳನ್ನು ನೋಡಿ, ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದಿದ್ದರು.

ಬಿಲ್ಲೆಗಳಿದ್ದದ್ದು ಪಕ್ಕದ ಸಾಮಾನಿನ ಕೋಣೆಯಲ್ಲಿ. ಜಯಶೀಲಾ ಒಳಹೋಗಿ ಬಾಗಿಲು ಮುಚ್ಚಿಕೊಂಡಳು. ಅಕ್ಕಿ ಚೀಲ, ಮುರಿದ ಗ್ಲೋಬು, ಹಳೇ ನಕ್ಷೆಗಳ ನಡುವೆ ಒಬ್ಬಳೇ ನಿಂತಳು. ಡಬ್ಬದ ಮೇಲೆಯೇ ಅಮ್ಮನ ಬಿಲ್ಲೆಯಿತ್ತು. ಅದನ್ನು ಕೈಗೆತ್ತಿಕೊಂಡಾಗ ರಟ್ಟು ಬೆಚ್ಚಗಿತ್ತು, ಈಗಷ್ಟೇ ಯಾರದೋ ಎದೆಯ ಮೇಲಿಂದ ತೆಗೆದ ಹಾಗೆ. ಮೈಸೂರು ನೆನಪಾಯಿತು. ಯಾರೋ ತಂದಿಡುವ ತಟ್ಟೆಯಿಂದ ಏಳುವ ಹಬೆ, ಮೇಜಿನ ಮೇಲೆ ತೆರೆದ ಬಿಳಿ ಹಾಳೆ. ಅವಳಿಗೆ ಅದು ಬೇಕಾಗಿತ್ತು. ಈ ಹೊತ್ತಿನಲ್ಲೂ ಬೇಕಾಗಿತ್ತು. ಕೇಳೋಣವೆಂದರೆ ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಗಂಡ ಇಲ್ಲ, ಮಾವ ಇಲ್ಲ, ಮೇಡಂ ಇಲ್ಲ. ಅತ್ತೆಯೂ ಇರಲಿಲ್ಲ.

ಹೊರಗಿನಿಂದ ಜನಾರ್ದನ ಮಾಸ್ತರ ದನಿ: "ಮೇಡಂ, ಏನಾಯ್ತ್ರೀ? ಎಳನೀರೂ ಮುಗೀತು."

ಅವಳು ಬಿಲ್ಲೆಯನ್ನು ಡಬ್ಬದಲ್ಲಿಟ್ಟು, ಬರಿಗೈಯಲ್ಲಿ ತರಗತಿಗೆ ಬಂದಳು.

"ಕ್ಷಮಿಸಿ. ಈ ಪಾಠ ಇಲ್ಲ."

"ಇವತ್ತಿಲ್ಲ ಅಂದ್ರೆ ಹೇಗ್ರೀ? ನಾಳೆ ಅವರು ಹೊರಡ್ತಾರೆ" ಎಂದು ಬಸವರಾಜೇಶ್ವರಿ ಅರ್ಧ ಎದ್ದರು.

"ಇವತ್ತು ಅಂತಲ್ಲ ಮೇಡಂ. ಯಾವತ್ತೂ ಇಲ್ಲ. ನಾನು ಬರೆದದ್ದು, ನಾನೇ ವಾಪಸ್ ತಗೊಳ್ತಿದ್ದೀನಿ."

ದೆಹಲಿಯ ಹೆಂಗಸು ಏನೋ ಕೇಳಿದರು. ಗಂಡಸರಲ್ಲೊಬ್ಬರು ಅದನ್ನು ಕನ್ನಡಕ್ಕೆ ತಂದರು: "ಕಾರಣ ಏನು ಅಂತ ಕೇಳ್ತಿದ್ದಾರೆ."

ಕಾರಣ ಎದುರಿಗೇ ಹಸಿರು ಸೀರೆ ಉಟ್ಟು ನಿಂತಿತ್ತು. ಬಾಯಿ ಬಿಟ್ಟು ಹೇಳಿದರೆ ಅದೂ ಒಂದು ಪ್ರದರ್ಶನವೇ. ಕಿಟಕಿಯ ಹೆಂಗಸರು ಅದಕ್ಕೂ ಅಳುತ್ತಾರೆ, ಪೆನ್ನು ಅದನ್ನೂ ಬರೆದುಕೊಳ್ಳುತ್ತದೆ.

"ಹೆದರಿದಾರೆ, ಪಾಪ. ಹಳ್ಳಿ ಕಡೆ ಟೀಚರುಗಳು" ಎಂದು ಇನ್ನೊಬ್ಬರು ಎದ್ದು ಪ್ಯಾಂಟು ಸರಿಮಾಡಿಕೊಂಡರು. ಬಸವರಾಜೇಶ್ವರಿ ಅವಳ ಮುಖ ನೋಡದೆ ಹೊರಗೆ ಹೋದರು. ಐದನೇ ತರಗತಿಯ ಗಣಿತ ಬಹಳ ಚೆನ್ನಾಗಿದೆ ಸಾರ್ ಎನ್ನುತ್ತ ಜನಾರ್ದನ ಮಾಸ್ತರು ಎಲ್ಲರನ್ನೂ ಆ ಕಡೆ ಕರೆದುಕೊಂಡು ಹೊರಟರು. ಕಿಟಕಿಯ ಹೆಂಗಸರಲ್ಲಿ ಯಾರೋ, "ಕೆಲಸ ಬಿಟ್ಟು ಬಂದಿದ್ದಕ್ಕೆ ಏನೂ ಇಲ್ವಾ?" ಎಂದು ಗೊಣಗಿದರು. ಜಯಶೀಲಾ ಹೋಗಿ ಕಿಟಕಿ ಮುಚ್ಚಿದಳು.

ಕೋಣೆ ಅರ್ಧ ಕತ್ತಲಾಯಿತು. ಮಕ್ಕಳು ಕೂತಲ್ಲಿಂದಲೇ ನೋಡುತ್ತಿದ್ದರು. ತರಗತಿಯ ನಡುವೆ, ಅಮ್ಮನಿಗೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದ ಜಾಗದಲ್ಲಿ, ಸುಪ್ರಿಯಾ ಕುತ್ತಿಗೆ ಬಗ್ಗಿಸಿಕೊಂಡು ನಿಂತಿದ್ದಳು.

"ಕೊಡಲ್ಲ, ಸುಪ್ರಿಯಾ" ಎಂದಳು ಜಯಶೀಲಾ.

ಹುಡುಗಿ ಕದಲಲಿಲ್ಲ. ಅವಳ ಎಡ ಭುಜ ಇನ್ನೂ ಕೆಳಗೇ ಇತ್ತು. ಜಯಶೀಲಾ ಅವಳ ಮುಂದೆ, ಬರಿ ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತು, ನೀನೂ ಕೂರು ಎಂಬಂತೆ ಪಕ್ಕದ ನೆಲ ತಟ್ಟಿದಳು.